ಅಸಿಮೋವ್‌ನ ಫೌಂಡೇಶನ್, ರೋಬೋಟ್ ಪುಸ್ತಕಗಳು: ಯಾವುದ್ರಿಂದ ಶುರು ಮಾಡ್ಲಿ?

ಕಾಡುಗೋಡಿ_ಲೋಕಲ್:

ಎಲ್ರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಈಗ ಒಂದು ಸಹಾಯ ಬೇಕು. ಆಪಲ್ ಟಿವಿಲಿ ಫೌಂಡೇಶನ್ ಸೀರೀಸ್ ನೋಡಿದೆ. ಶುರುವಿನ ಎಪಿಸೋಡುಗಳಿಗೆ ತಲೆ ಗಿರ್ ಅಂತು, ಆದ್ರೂ ಬಿಡೋಕಾಗ್ಲಿಲ್ಲ, ಪೂರ್ತಿ ನೋಡಿ ಮುಗಿಸ್ದೆ. ಕೋಟಿ ಕೋಟಿ ಜನ ಒಟ್ಟಾಗಿ ಹೆಂಗೆ ನಡ್ಕೋತಾರೆ ಅನ್ನೋದನ್ನ ಗಣಿತದಲ್ಲಿ ಲೆಕ್ಕ ಹಾಕಿ ಸಾಮ್ರಾಜ್ಯ ಯಾವಾಗ ಬೀಳುತ್ತೆ ಅಂತ ಹೇಳ್ತಾನಲ್ಲ ಆ ಹರಿ ಸೆಲ್ಡನ್, ಆ ಐಡಿಯಾ ತಲೇಲಿ ಕೂತ್ಬಿಟ್ಟಿದೆ. ಸರಿ ಮೂಲ ಪುಸ್ತಕನೇ ಓದೋಣ ಅಂತ ನೆಟ್‌ನಲ್ಲಿ ಹುಡುಕಿದ್ರೆ ಫೌಂಡೇಶನ್ ಅನ್ನೋ ಹೆಸರಲ್ಲೇ ಏಳು ಪುಸ್ತಕ, ಅದರ ಜೊತೆ ರೋಬೋಟ್ ಪುಸ್ತಕಗಳು ಬೇರೆ, ಎಂಪೈರ್ ಪುಸ್ತಕಗಳು ಅಂತ ಇನ್ನೊಂದಿಷ್ಟು, ಎಲ್ಲಾ ಒಂದೇ ಯೂನಿವರ್ಸ್ ಅಂತೆ. ಒಬ್ಬ ರೋಬೋಟ್‌ನಿಂದ ಶುರು ಮಾಡು ಅಂತಾನೆ, ಇನ್ನೊಬ್ಬ ಪ್ರಿಲ್ಯೂಡ್ ಟು ಫೌಂಡೇಶನ್ ಓದು ಕಥೆ ಶುರುವಾಗೋದೇ ಅಲ್ಲಿಂದ ಅಂತಾನೆ, ಮತ್ತೊಬ್ಬ ಬಂದು ಅದೊಂದನ್ನ ಮಾತ್ರ ಮೊದ್ಲು ಮುಟ್ಟಬೇಡ ಅಂತಾನೆ. ಯಾರ ಮಾತು ಕೇಳೋದು?

ನನ್ನ ಬಗ್ಗೆ ಸ್ವಲ್ಪ ಹೇಳ್ಬಿಡ್ತೀನಿ, ಸಜೆಸ್ಟ್ ಮಾಡೋಕೆ ಸುಲಭ ಆಗುತ್ತೆ. ಓದಿದ್ದು ಕನ್ನಡ ಮೀಡಿಯಂ. ಇಂಗ್ಲಿಷ್ ಕಾದಂಬರಿ ಓದ್ತೀನಿ ಆದ್ರೆ ನಿಧಾನ, ಪೇಜಿಗೆ ಹತ್ತು ಸಲ ಡಿಕ್ಷನರಿ ತೆಗೀಬೇಕು ಅಂದ್ರೆ ಪುಸ್ತಕ ಬಿಟ್ಟಾಕ್ತೀನಿ. ಪತ್ತೇದಾರಿ ಕಥೆ ಅಂದ್ರೆ ಪ್ರಾಣ, ಶೆರ್ಲಾಕ್ ಹೋಮ್ಸ್ ಎಲ್ಲಾ ಓದಿದೀನಿ, ತೇಜಸ್ವಿ ಅಂತೂ ಕೇಳ್ಲೇಬೇಡಿ. ಓದೋ ಟೈಮ್ ಅಂದ್ರೆ ಮೆಟ್ರೋ ಅಷ್ಟೇ, ಕಾಡುಗೋಡಿಯಿಂದ ಮೆಜೆಸ್ಟಿಕ್. ಶುರುವಿನ ಸ್ಟೇಷನ್ ಆಗಿರೋದ್ರಿಂದ ಬೆಳಿಗ್ಗೆ ಸೀಟ್ ಸಿಗುತ್ತೆ, ವಾಪಸ್ ಬರೋವಾಗ ಒಂದು ಕೈಯಲ್ಲಿ ಕಂಬಿ ಇನ್ನೊಂದು ಕೈಯಲ್ಲಿ ಪುಸ್ತಕ.

ದಯವಿಟ್ಟು ಸ್ಪಾಯ್ಲರ್ ಬೇಡ. ಸೀರೀಸ್‌ನಲ್ಲಿ ನೋಡಿರೋದು ಓಕೆ.

ಹಳೇಪುಸ್ತಕ_ಹನುಮ:

ಗುರುಗಳೇ, ಮೊದ್ಲು ಆ ಲಿಸ್ಟ್‌ಗಳನ್ನೆಲ್ಲಾ ಮುಚ್ಚಿಬಿಡಿ. ಇದು ಯಾಕಿಷ್ಟು ಗೋಜಲಾಗಿದೆ ಅಂತ ಒಂದ್ಸಲ ಗೊತ್ತಾದ್ರೆ ಯಾವ ಲಿಸ್ಟೂ ಬೇಡ.

ಅಸಿಮೋವ್ ಇದನ್ನ ಎರಡು ಕಂತಲ್ಲಿ ಬರೆದಿರೋದು, ಮಧ್ಯೆ ಹತ್ತತ್ರ ಮೂವತ್ತು ವರ್ಷ ಗ್ಯಾಪು. ಫೌಂಡೇಶನ್ ಮೊದ್ಲು ಪುಸ್ತಕವೇ ಅಲ್ಲ, ಆಸ್ಟೌಂಡಿಂಗ್ ಅನ್ನೋ ಅಮೆರಿಕದ ಮ್ಯಾಗಜೀನ್‌ನಲ್ಲಿ 1942ರಿಂದ 1950ರ ತನಕ ಬಂದ ಬಿಡಿ ಕಥೆಗಳು. ಅವನ್ನ ಸೇರಿಸಿ 1951ರಲ್ಲಿ ಫೌಂಡೇಶನ್, 1952ರಲ್ಲಿ ಫೌಂಡೇಶನ್ ಅಂಡ್ ಎಂಪೈರ್, 1953ರಲ್ಲಿ ಸೆಕೆಂಡ್ ಫೌಂಡೇಶನ್ ಅಂತ ಮೂರು ಪುಸ್ತಕ ಮಾಡಿದ್ರು. ಅದೇ ಹೊತ್ತಲ್ಲಿ ಆಸಾಮಿ ರೋಬೋಟ್ ಕಥೆಗಳನ್ನೂ ಬರೀತಿದ್ದ, ಐ ರೋಬೋಟ್ 1950, ದಿ ಕೇವ್ಸ್ ಆಫ್ ಸ್ಟೀಲ್ 1954, ದಿ ನೇಕೆಡ್ ಸನ್ 1957. ಎಂಪೈರ್ ಅಂತಾರಲ್ಲ ಆ ಮೂರೂ ಆಗಿನವೇ. ಮುಖ್ಯವಾದ ಮಾತು ಏನಂದ್ರೆ, ಆಗ ಫೌಂಡೇಶನ್‌ಗೂ ರೋಬೋಟ್‌ಗೂ ಸಂಬಂಧವೇ ಇರ್ಲಿಲ್ಲ. ಹಳೇ ಫೌಂಡೇಶನ್ ಮೂರು ಪುಸ್ತಕದಲ್ಲಿ ರೋಬೋಟ್ ಅನ್ನೋ ಪ್ರಾಣಿನೇ ಕಾಣಿಸ್ಕೊಳ್ಳಲ್ಲ.

ಆಮೇಲೆ ಅಸಿಮೋವ್ ವಿಜ್ಞಾನದ ಪುಸ್ತಕ ಬರೆಯೋಕೆ ಹೋದ. ಓದುಗರು, ಪ್ರಕಾಶಕರು ಬಿಡ್ಲಿಲ್ಲ, ಕಾಡಿ ಕಾಡಿ 1982ರಲ್ಲಿ ನಾಲ್ಕನೇ ಫೌಂಡೇಶನ್ ಬರೆಸಿದ್ರು. ಅದು ಬೆಸ್ಟ್ ಸೆಲ್ಲರ್ ಲಿಸ್ಟಿಗೆ ಹತ್ತಿತು, ಮಾರನೇ ವರ್ಷ ಸೈನ್ಸ್ ಫಿಕ್ಷನ್‌ಗೆ ಕೊಡೋ ಹ್ಯೂಗೋ ಅವಾರ್ಡೂ ಬಂತು. ಅಲ್ಲಿಂದ ಆಸಾಮಿಗೆ ಹುಕಿ ಹತ್ತಿ ತನ್ನ ಹಳೇ ಪುಸ್ತಕಗಳನ್ನೆಲ್ಲಾ ಒಂದಕ್ಕೊಂದು ಬೆಸೆಯೋಕೆ ಶುರು ಮಾಡಿದ. 1983ರಲ್ಲಿ ದಿ ರೋಬೋಟ್ಸ್ ಆಫ್ ಡಾನ್, 1985ರಲ್ಲಿ ರೋಬೋಟ್ಸ್ ಅಂಡ್ ಎಂಪೈರ್, 1986ರಲ್ಲಿ ಫೌಂಡೇಶನ್ ಅಂಡ್ ಅರ್ತ್, 1988ರಲ್ಲಿ ನೀವು ಕೇಳಿದ ಪ್ರಿಲ್ಯೂಡ್. ಕೊನೇದು ಫಾರ್ವರ್ಡ್ ದಿ ಫೌಂಡೇಶನ್, ಅದು ಕೈಗೆ ಬಂದಿದ್ದು 1993ರಲ್ಲಿ, ಅಷ್ಟೊತ್ತಿಗೆ ಅಸಿಮೋವ್ ತೀರ್ಕೊಂಡು ಒಂದು ವರ್ಷ ಆಗಿತ್ತು.

ಹಾಗಾಗಿ ಅಂಗಡೀಲಿ ಪುಸ್ತಕ ಕೈಗೆ ಸಿಕ್ರೆ ಮುಖಪುಟ ನೋಡ್ಬೇಡಿ, ಒಳಗಡೆ ಕಾಪಿರೈಟ್ ಪುಟ ತೆಗೀರಿ. ಇಸವಿ ಐವತ್ತರ ದಶಕದ್ದಾಗಿದ್ರೆ ಧೈರ್ಯವಾಗಿ ತಗೊಳ್ಳಿ, ಫೌಂಡೇಶನ್ ಆದ್ರೂ ಸರಿ ರೋಬೋಟ್ ಆದ್ರೂ ಸರಿ. ಎಂಬತ್ತರ ದಶಕದ್ದಾದ್ರೆ ವಾಪಸ್ ಇಡಿ, ಅದು ಆಮೇಲೆ. ಬೇರೆ ಬೇರೆ ದಾರಿಗಳು ಕೂಡೋ ಜಾಗ ಅದು, ದಾರಿಗಳೇ ಗೊತ್ತಿಲ್ದೆ ಅಲ್ಲಿ ಹೋಗಿ ನಿಂತ್ರೆ ಏನೂ ಅನ್ಸಲ್ಲ. ಪ್ರಿಲ್ಯೂಡ್‌ನ ಮೊದ್ಲು ಓದೋದರ ತೊಂದ್ರೆ ಇದೇ, ಅದರ ಮಜಾ ಇರೋದೇ ಮಿಕ್ಕಿದ್ದು ಓದಿದವರಿಗೆ.

ನನ್ನ ಓಟು ಫೌಂಡೇಶನ್‌ಗೆ, 1951ರದ್ದು. ಸೈಕೋಹಿಸ್ಟರಿ, ಅಂದ್ರೆ ಸೆಲ್ಡನ್‌ನ ಆ ಗಣಿತದ ಐಡಿಯಾ, ಹಿಡಿಸಿದೆ ಅಂತ ನೀವೇ ಹೇಳಿದೀರಲ್ಲ, ಅದು ನೇರವಾಗಿ ಸಿಗೋದು ಅಲ್ಲೇ. ಒಂದೇ ಒಂದು ಎಚ್ಚರಿಕೆ: ಐದು ಭಾಗ ಇದೆ, ಹೆಚ್ಚುಕಮ್ಮಿ ಪ್ರತಿ ಭಾಗಕ್ಕೂ ಜನ ಬದಲಾಗ್ತಾರೆ. ಎನ್‌ಸೈಕ್ಲೋಪೀಡಿಯಾ ಬರೆಯೋಕೆ ಅಂತ ಗ್ಯಾಲಕ್ಸಿ ಅಂಚಲ್ಲಿರೋ ಟರ್ಮಿನಸ್ ಅನ್ನೋ ಗ್ರಹಕ್ಕೆ ವಿದ್ವಾಂಸರನ್ನ ಅಟ್ಟಿರ್ತಾರೆ, ಅಲ್ಲಿ ಸರಿಯಾಗಿ ಲೋಹ ಕೂಡ ಸಿಗಲ್ಲ, ಸುತ್ತ ನಾಲ್ಕು ರಾಜ್ಯದವರು ಕಣ್ಣು ಹಾಕಿರ್ತಾರೆ. ಸಾಲ್ವರ್ ಹಾರ್ಡಿನ್ ಅನ್ನೋ ಮೇಯರ್ ಕೈಯಲ್ಲಿ ಸೈನ್ಯ ಇಲ್ಲ, ಬರೀ ತಲೆ ಇದೆ. ಅಣುಶಕ್ತಿನ ಒಂದು ಧರ್ಮ ಮಾಡಿ, ಅದನ್ನ ನಡೆಸೋ ಟೆಕ್ನಿಷಿಯನ್‌ಗಳನ್ನ ಪೂಜಾರಿಗಳು ಮಾಡಿ, ಪಕ್ಕದ ರಾಜ್ಯಗಳನ್ನ ಹೆಂಗೆ ಕಟ್ಟಿಹಾಕ್ತಾರೆ ನೋಡಿ, ನಮ್ಮ ರಾಜಕೀಯ ನೋಡಿ ಬೆಳೆದವರಿಗೆ ವಿವರಣೆ ಬೇಕಾಗಲ್ಲ. ಆ ಹಾರ್ಡಿನ್ ಮೇಲೆ ಪ್ರೀತಿ ಬರೋ ಹೊತ್ತಿಗೆ ಭಾಗ ಮುಗೀತು, ಮುಂದಿನ ಭಾಗಕ್ಕೆ ಬಂದ್ರೆ ಅವನು ಇತಿಹಾಸ. ಇದು ಸರಿ ಹೋಗ್ಲಿಲ್ಲ ಅಂತ ಪುಸ್ತಕ ಬಿಟ್ಟವರು ತುಂಬಾ ಜನ. ಎರಡನೇ ಪುಸ್ತಕದ ಅರ್ಧದ ತನಕ ತಾಳ್ಕೊಳ್ಳಿ, ಅಲ್ಲಿ ಒಬ್ಬ ಬರ್ತಾನೆ, ಅವನ ಬಗ್ಗೆ ಏನೂ ಹೇಳಲ್ಲ.

ಗಾಂಧಿಬಜಾರ್_ಗೀತಕ್ಕ:

ಹನುಮ ಅವರು ಇತಿಹಾಸ ಚೆನ್ನಾಗಿ ಹೇಳಿದ್ರು, ಆದ್ರೆ ಸಲಹೆ ಒಪ್ಪಲ್ಲ. ಪ್ರಶ್ನೆ ಕೇಳಿದವರು ಪತ್ತೇದಾರಿ ಅಂದ್ರೆ ಪ್ರಾಣ ಅಂತ ಬರೆದಿದಾರೆ, ಅದನ್ನ ಓದ್ಲೇ ಇಲ್ವಾ ನೀವು? ಅಂಥವರ ಕೈಗೆ ಕೇವ್ಸ್ ಆಫ್ ಸ್ಟೀಲ್ ಕೊಡದೆ ಫೌಂಡೇಶನ್ ಕೊಡ್ತೀರಲ್ಲ.

ಇನ್ನೊಂದು ಮಾತು. ಮೊದಲನೇ ಫೌಂಡೇಶನ್ ಪುಸ್ತಕದಲ್ಲಿ ಹೆಂಗಸರು ಇದ್ದಾರಾ ಅಂತ ದೀಪ ಹಿಡ್ಕೊಂಡು ಹುಡುಕ್ಬೇಕು. ಗ್ಯಾಲಕ್ಸಿ ಪೂರ್ತಿ ಗಂಡಸರೇ ಸಿಗರೇಟು ಸೇದ್ಕೊಂಡು ರೂಮಲ್ಲಿ ಕೂತು ಮಾತಾಡ್ತಾರೆ. ಎರಡನೇದ್ರಲ್ಲಿ ಬೇಟಾ, ಮೂರನೇದ್ರಲ್ಲಿ ಹದಿನಾಲ್ಕು ವರ್ಷದ ಹುಡುಗಿ ಆರ್ಕೇಡಿಯಾ, ಇಬ್ಬರೂ ಬಂದ್ಮೇಲೆ ಗಾಳಿ ಆಡುತ್ತೆ. ಅಲ್ಲಿ ತನಕ ಕಾಯೋ ತಾಳ್ಮೆ ನಂಗಂತೂ ಕಷ್ಟ ಆಯ್ತು. ನೀವು ಸೀರೀಸ್ ನೋಡ್ಕೊಂಡು ಬರ್ತಿರೋದ್ರಿಂದ ಇದು ಇನ್ನೂ ಎದ್ದು ಕಾಣುತ್ತೆ.

ಈಗ ಕೇವ್ಸ್ ವಿಷ್ಯ. ಭೂಮಿ ಮೇಲೆ ಜನ ಹೆಚ್ಚಾಗಿ ಹೆಚ್ಚಾಗಿ ಎಲ್ರೂ ಸ್ಟೀಲ್ ಗೂಡಿನಂಥ ಮುಚ್ಚಿದ ಊರುಗಳೊಳಗೆ ಸೇರ್ಕೊಂಡಿದಾರೆ, ಆಕಾಶ ನೋಡಿದ್ರೆ ಎದೆ ಹೊಡ್ಕೊಳ್ಳುತ್ತೆ ಅವರಿಗೆ. ಅಡುಗೆಮನೆ ಮನೇಲಿಲ್ಲ, ಇಡೀ ಏರಿಯಾಗೆ ಒಂದು ಕಾಮನ್ ಕಿಚನ್. ಬಚ್ಚಲೂ ಕಾಮನ್ನು, ಗಂಡಸರ ಬಚ್ಚಲಲ್ಲಿ ಒಬ್ಬರ ಮುಖ ಒಬ್ಬರು ನೋಡಬಾರದು ಮಾತಾಡಬಾರದು ಅಂತ ಕಟ್ಟುನಿಟ್ಟು. ತಿನ್ನೋದು ಈಸ್ಟ್‌ನಿಂದ ಮಾಡಿದ ತರಾವರಿ ಪದಾರ್ಥ. ಅಂಥ ಭೂಮಿ ಮೇಲೆ ಎಷ್ಟು ಜನ ಇದಾರೆ ಅಂತ ಬರೆದಿದಾರೆ ಗೊತ್ತಾ, 800 ಕೋಟಿ. 1954ರಲ್ಲಿ ಅದು ಊಹಿಸೋಕಾಗದ ಭಯಂಕರ ಭವಿಷ್ಯ, ಸಾವಿರಾರು ವರ್ಷ ಮುಂದಿನ ಮಾತು. ನಾವು ಆ ಗೆರೆ 2022ರಲ್ಲೇ ದಾಟಿ ಮಾರತ್‌ಹಳ್ಳಿ ಬ್ರಿಜ್ ಹತ್ರ ನಿಂತಿದೀವಿ.

ಇಲೈಜಾ ಬೇಲಿ ಅನ್ನೋ ನ್ಯೂಯಾರ್ಕ್ ಪೊಲೀಸಿನವನು ಹೀರೋ. ಬಡ್ತಿ ಸಿಕ್ರೆ ಏನೇನು ಸಿಗುತ್ತೆ ಅಂತ ಲೆಕ್ಕ ಹಾಕ್ತಾನೆ ಶುರುವಲ್ಲೇ, ಎಕ್ಸ್‌ಪ್ರೆಸ್‌ವೇನಲ್ಲಿ (ಜನರನ್ನ ಹೊತ್ಕೊಂಡು ಓಡೋ ಪಟ್ಟಿ ಅದು) ರಶ್ ಅವರ್‌ನಲ್ಲೂ ಕೂರೋಕೆ ಸೀಟು, ಬರೀ ಹತ್ತರಿಂದ ನಾಲ್ಕರ ತನಕ ಅಲ್ಲ. ಅದನ್ನ ಓದಿ ನಮ್ಮ ಮೆಟ್ರೋ ಜನ ನಗದೇ ಇರೋಕೆ ಸಾಧ್ಯನಾ ಹೇಳಿ. ಬೇರೆ ಗ್ರಹದಿಂದ ಬಂದು ನೆಲೆಸಿರೋ ಶ್ರೀಮಂತರ ಏರಿಯಾದಲ್ಲಿ ಒಂದು ಕೊಲೆ ಆಗುತ್ತೆ, ಬೇಲಿಗೆ ಜೊತೆಗಾರನಾಗಿ ಒಬ್ಬನ್ನ ಕಳಿಸ್ತಾರೆ, ಡ್ಯಾನೀಲ್ ಅಂತ, ನೋಡೋಕೆ ಥೇಟ್ ಮನುಷ್ಯ, ಆದ್ರೆ ರೋಬೋಟ್. ಬೇಲಿಗೆ ರೋಬೋಟ್ ಕಂಡ್ರೆ ಆಗಲ್ಲ. ಸೈನ್ಸ್ ಫಿಕ್ಷನ್‌ನಲ್ಲಿ ಪತ್ತೇದಾರಿ ಕಥೆ ನಡೆಯಲ್ಲ, ಕೊನೇಲಿ ಯಾವುದೋ ಯಂತ್ರ ತಂದು ಕೊಲೆಗಾರನ್ನ ಹಿಡಿದ್ಬಿಡ್ತಾರೆ ಅನ್ನೋ ವಾದ ಆಗ ಇತ್ತು. ಇಲ್ಲಿ ಅಂಥ ಮೋಸ ಏನೂ ಇಲ್ಲ, ಸುಳಿವುಗಳೆಲ್ಲಾ ನಮ್ಮ ಕಣ್ಣೆದುರೇ ಇಟ್ಟಿರ್ತಾರೆ.

ಇದು ಇಷ್ಟ ಆದ್ರೆ ಮುಂದಿನದು ನೇಕೆಡ್ ಸನ್, ಇನ್ನೂ ಚೆನ್ನಾಗಿದೆ ಅಂತ ನನ್ನ ಅಭಿಪ್ರಾಯ. ಇಡೀ ಗ್ರಹಕ್ಕೆ 20,000 ಜನ, 20 ಕೋಟಿ ರೋಬೋಟ್, ಗಂಡ ಹೆಂಡತಿ ಕೂಡ ಎದುರುಬದುರು ಕೂರೋಕೆ ಹೇಸ್ಕೋತಾರೆ, ಏನಿದ್ರೂ ಪರದೆ ಮೇಲೆ ಮಾತು. 1957ರದ್ದು ಅಂದ್ರೆ ನಂಬಲ್ಲ, ಲಾಕ್‌ಡೌನ್ ಆದ್ಮೇಲೆ ಯಾರೋ ಬರೆದಂಗಿದೆ.

ಒಂಟಿರೋಬೋ:

ಗೀತಕ್ಕ +1

ಆದ್ರೆ ಕಾದಂಬರಿಗೂ ಮುಂಚೆ ಐ ರೋಬೋಟ್‌ನ ಸಣ್ಣ ಕಥೆ ಓದೋದು ಬೆಸ್ಟ್ ಅನ್ಸುತ್ತೆ. ಒಂಬತ್ತು ಕಥೆ, ಮೆಟ್ರೋಲಿ ಹೋಗ್ತಾ ಒಂದು ಬರ್ತಾ ಒಂದು ಆರಾಮಾಗಿ ಮುಗಿಯುತ್ತೆ. 2004ರಲ್ಲಿ ವಿಲ್ ಸ್ಮಿತ್ ಮಾಡಿದ ಸಿನಿಮಾ ನೋಡಿ ಅದೇ ಕಥೆ ಅಂದ್ಕೋಬೇಡಿ, ಹೆಸರು ಮತ್ತೆ ಮೂರು ರೂಲ್ಸ್ ಬಿಟ್ರೆ ಬೇರೆನೇ ಸರಕು ಅದು.

ಆ ಮೂರು ರೂಲ್ಸ್ ಎಲ್ರಿಗೂ ಬಾಯಿಪಾಠ ಇರುತ್ತೆ, ರೋಬೋಟ್ ಮನುಷ್ಯನಿಗೆ ಹಾನಿ ಮಾಡಬಾರದು, ಹಾನಿ ಆಗೋದನ್ನ ನೋಡ್ಕೊಂಡು ಸುಮ್ನೆ ಇರಲೂಬಾರದು, ಮನುಷ್ಯ ಹೇಳಿದ್ದು ಕೇಳಬೇಕು, ತನ್ನನ್ನ ತಾನು ಕಾಪಾಡ್ಕೋಬೇಕು, ಮೇಲಿನ ರೂಲ್ ಕೆಳಗಿನದಕ್ಕಿಂತ ದೊಡ್ಡದು. ಮಜಾ ಏನಂದ್ರೆ ಅಸಿಮೋವ್ ಕಥೆಗಳೆಲ್ಲಾ ಈ ರೂಲ್ಸ್ ಕೈಕೊಡೋದರ ಬಗ್ಗೆನೇ. ರನ್‌ಅರೌಂಡ್ ಅಂತ ಒಂದು ಕಥೆ ಇದೆ, ಬುಧ ಗ್ರಹದ ಮೇಲೆ ಇಬ್ಬರು ಎಂಜಿನಿಯರ್‌ಗಳು, ಸೆಲೆನಿಯಂ ತರೋಕೆ ಸ್ಪೀಡಿ ಅನ್ನೋ ರೋಬೋಟ್‌ನ ಕಳಿಸ್ತಾರೆ, ಅದು ವಾಪಸ್ ಬರೋದೇ ಇಲ್ಲ. ಹೋಗಿ ನೋಡಿದ್ರೆ ಸೆಲೆನಿಯಂ ಹೊಂಡದ ಸುತ್ತ ಕುಡುಕನ ತರ ಹಾಡ್ಕೊಂಡು ಸುತ್ತು ಹಾಕ್ತಿದೆ. ಯಾಕೆ? ಹೋಗಿ ತಗೊಂಡು ಬಾ ಅಂತ ಹೇಳಿದ್ದು ಸ್ವಲ್ಪ ಸಡಿಲವಾಗಿ ಹೇಳಿರ್ತಾರೆ, ಇತ್ತ ಆ ಹೊಂಡದ ಹತ್ರ ರೋಬೋಟ್‌ಗೆ ಅಪಾಯ ಇದೆ, ದುಬಾರಿ ರೋಬೋಟ್ ಅಂತ ತನ್ನನ್ನ ಕಾಪಾಡ್ಕೊಳ್ಳೋ ರೂಲ್ ಬೇರೆ ಗಟ್ಟಿ ಮಾಡಿರ್ತಾರೆ. ಹತ್ರ ಹೋದ್ರೆ ಅಪಾಯ ಹಿಂದಕ್ಕೆ ತಳ್ಳುತ್ತೆ, ದೂರ ಬಂದ್ರೆ ಆರ್ಡರ್ ಎಳೆಯುತ್ತೆ, ಎರಡೂ ಸಮ ಆದ ಜಾಗದಲ್ಲಿ ರೌಂಡ್ ಹೊಡೀತಾ ಇದೆ. ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದೀನಿ, ಇಂಥ ಬಗ್‌ಗಳನ್ನ ದಿನಾ ನೋಡ್ತೀನಿ, ಹಾಡು ಮಾತ್ರ ಇರಲ್ಲ. ಆ ಕಥೆ ಪ್ರಿಂಟ್ ಆಗಿದ್ದು 1942ರ ಮಾರ್ಚಲ್ಲಿ, ಮೊದಲ ಫೌಂಡೇಶನ್ ಕಥೆ ಬಂದಿದ್ದು ಅದೇ ವರ್ಷ ಮೇ ತಿಂಗಳಲ್ಲಿ, ಅದೇ ಮ್ಯಾಗಜೀನ್‌ನಲ್ಲಿ. ವಯಸ್ಸು ಇಪ್ಪತ್ತೆರಡು ಆಗ ಅಸಿಮೋವ್‌ಗೆ. ನಾವು ಆ ವಯಸ್ಸಲ್ಲಿ ಬ್ಯಾಕ್ ಪೇಪರ್ ಬರೀತಿದ್ವಿ.

ಇಂಗ್ಲಿಷ್ ಬಗ್ಗೆ ತಲೆ ಕೆಡಿಸ್ಕೋಬೇಡಿ. ವರ್ಣನೆ ಇಲ್ಲ, ಒಗಟಿನಂಥ ವಾಕ್ಯ ಇಲ್ಲ, ಮಾತು ಮಾತು ಮಾತು. ಹೈಸ್ಕೂಲ್ ಇಂಗ್ಲಿಷ್ ಸಾಕು. ಬೈಯೋರು ಬೈಯೋದೂ ಅದಕ್ಕೇ, ಸಪ್ಪೆ ಬರವಣಿಗೆ ಅಂತ.

ಟ್ರಾಂಟರ್_ತಿಮ್ಮ:

ಎಲ್ರೂ ಸೇರಿ ಪ್ರಿಲ್ಯೂಡ್‌ನ ಯಾಕೆ ದೂರ ಇಡ್ತಿದೀರೋ ಅರ್ಥ ಆಗ್ತಿಲ್ಲ. ಅದೇ ಪ್ರಿಲ್ಯೂಡ್‌ನ ಮುನ್ನುಡಿಯಲ್ಲಿ ಸ್ವತಃ ಅಸಿಮೋವ್ 14 ಪುಸ್ತಕದ ಪಟ್ಟಿ ಕೊಟ್ಟಿದಾರೆ, ಕಥೆಯ ಕಾಲಕ್ರಮದಲ್ಲಿ. ಮೊದಲು ದಿ ಕಂಪ್ಲೀಟ್ ರೋಬೋಟ್, ಅಂದ್ರೆ 31 ಸಣ್ಣ ಕಥೆ ಇರೋ ದಪ್ಪ ಪುಸ್ತಕ, ಐ ರೋಬೋಟ್‌ನವೆಲ್ಲಾ ಅದರೊಳಗೇ ಬರುತ್ತೆ, ಆಮೇಲೆ ನಾಲ್ಕು ರೋಬೋಟ್ ಕಾದಂಬರಿ, ಮೂರು ಎಂಪೈರ್, ಆಮೇಲೆ ಪ್ರಿಲ್ಯೂಡ್, ಆಮೇಲೆ ಫೌಂಡೇಶನ್. ಬರೆದವರೇ ಹೇಳಿದ್ಮೇಲೆ ನಾವ್ಯಾರು? ಮೊದಲಿಂದ ಕೊನೆ ತನಕ ಸರಿಯಾಗಿ ಓದಿದ್ರೆ ಇಪ್ಪತ್ತು ಸಾವಿರ ವರ್ಷದ ಇತಿಹಾಸ ಕಣ್ಮುಂದೆ ಬರುತ್ತೆ. ಕೊನೆ ಪುಸ್ತಕದ ಕೊನೆ ಚಾಪ್ಟರ್‌ನಲ್ಲಿ ಯಾರು ಬರ್ತಾರೆ ಅಂತ ಗೊತ್ತಾದಾಗ ರೋಮಾಂಚನ ಆಗ್ಬೇಕು ಅಂದ್ರೆ [ಈ ಸಾಲನ್ನು ಮಾಡರೇಟರ್ ತೆಗೆದಿದ್ದಾರೆ]

ಮಾಡರೇಟರ್:

ತಿಮ್ಮ ಅವರೇ, ಪ್ರಶ್ನೆಯಲ್ಲೇ ಸ್ಪಾಯ್ಲರ್ ಬೇಡ ಅಂತ ಕೇಳ್ಕೊಂಡಿದಾರೆ. ಮಿಕ್ಕಿದ್ದು ಹಾಗೇ ಬಿಟ್ಟಿದೀವಿ.

ಟ್ರಾಂಟರ್_ತಿಮ್ಮ:

ಸಾರಿ ಸಾರಿ. ಆದ್ರೆ ನಲವತ್ತು ವರ್ಷದ ಹಳೇ ಪುಸ್ತಕಕ್ಕೂ ಸ್ಪಾಯ್ಲರಾ ಸ್ವಾಮಿ.

ಹಳೇಪುಸ್ತಕ_ಹನುಮ:

ಓದದೇ ಇರೋವ್ರಿಗೆ ಎಲ್ಲಾ ಪುಸ್ತಕವೂ ಹೊಸದೇ ಅಲ್ವಾ ತಿಮ್ಮಣ್ಣ.

ಆ ಮುನ್ನುಡಿ ನಾನೂ ಓದಿದೀನಿ. ಈ ಪುಸ್ತಕಗಳನ್ನ ಓದಬೇಕಾದ ಕ್ರಮದಲ್ಲಿ ತಾನು ಬರೆದಿಲ್ಲ ಅಂತ ಅಸಿಮೋವ್ ಹೇಳ್ತಾನೆ ನಿಜ, ಆದ್ರೆ ಅಲ್ಲೇ ಒಂದು "ಬಹುಶಃ" ಸೇರಿಸಿದಾನೆ. ನೀವು ಆ ಬಹುಶಃನ ನುಂಗಿಬಿಟ್ರಿ. ಅದೂ ಅಲ್ದೆ ಆ ಪಟ್ಟಿ ಕೊಟ್ಟಿರೋದು 1988ರಲ್ಲಿ, ಅಷ್ಟು ವರ್ಷದಿಂದ ಓದ್ಕೊಂಡು ಬಂದಿರೋವ್ರಿಗೆ ಯಾವುದು ಎಲ್ಲಿ ಕೂರುತ್ತೆ ಅಂತ ತೋರಿಸೋಕೆ.

ಕಾಲಕ್ರಮದಲ್ಲೇ ಓದಬೇಕು ಅನ್ನೋ ಹಟ ನಂಗೆ ಅರ್ಥ ಆಗಲ್ಲ. ನಮ್ಮಲ್ಲಿ ಯಾರು ಮಹಾಭಾರತನ ಆದಿಪರ್ವದಿಂದ ಕೇಳ್ಕೊಂಡು ಬೆಳೆದಿದೀವಿ? ಬಯಲಾಟದಲ್ಲಿ ಅಭಿಮನ್ಯು ಕಾಳಗ ನೋಡಿ, ಅಜ್ಜಿ ಬಾಯಲ್ಲಿ ಬಕಾಸುರನ ಕಥೆ ಕೇಳಿ, ಶಂತನು ಯಾರು ವ್ಯಾಸ ಯಾರು ಅಂತ ಎಷ್ಟೋ ವರ್ಷ ಆದ್ಮೇಲೆ ಗೊತ್ತಾಗಿದ್ದು. ಅದರಿಂದ ಏನಾದ್ರೂ ಕಳ್ಕೊಂಡ್ವಾ?

ಎಂಪೈರ್ ಮೂರು ಪುಸ್ತಕದ ಬಗ್ಗೆ ಯಾರೂ ಹೇಳ್ಲಿಲ್ಲ ಅಂತ ಸೇರಿಸ್ತೀನಿ. ಪೆಬಲ್ ಇನ್ ದಿ ಸ್ಕೈ ಅಸಿಮೋವ್‌ನ ಮೊಟ್ಟಮೊದಲ ಕಾದಂಬರಿ, ಶಿಕಾಗೋ ಊರಿನ ಒಬ್ಬ ರಿಟೈರ್ಡ್ ಟೈಲರ್ ನಡ್ಕೊಂಡು ಹೋಗ್ತಾ ಇದ್ದಂಗೇ ಸಾವಿರಾರು ವರ್ಷ ಮುಂದಕ್ಕೆ ಹೋಗ್ಬಿಡ್ತಾನೆ, ಓದಬಹುದು. ದಿ ಸ್ಟಾರ್ಸ್ ಲೈಕ್ ಡಸ್ಟ್ ಅಂತೂ ಬರೆದವನಿಗೇ ಇಷ್ಟ ಇರ್ಲಿಲ್ಲ. ತಿಮ್ಮಣ್ಣನ ಕ್ರಮದಲ್ಲಿ ಹೋದ್ರೆ ಫೌಂಡೇಶನ್ ಮುಟ್ಟೋಕೂ ಮುಂಚೆ ಇದನ್ನೆಲ್ಲಾ ದಾಟಬೇಕು, ಕಾಡುಗೋಡಿಯವರು ಮಧ್ಯದಲ್ಲೇ ಇಳಿದ್ಬಿಡ್ತಾರೆ.

ಸಿಲ್ಕ್‌ಬೋರ್ಡ್_ಸಂತ್ರಸ್ತ:

ಸೀರೀಸ್ ನೋಡಿ ಬಂದಿದೀರಿ ಅಂದ್ರಲ್ಲ, ಅದಕ್ಕೆ ಒಂದು ಮಾತು. ಪುಸ್ತಕದಲ್ಲಿ ಆ ಕ್ಲೋನ್ ಚಕ್ರವರ್ತಿಗಳು ಇಲ್ಲವೇ ಇಲ್ಲ. ಬ್ರದರ್ ಡಾನ್, ಡೇ, ಡಸ್ಕ್ ಮೂವರೂ ಟಿವಿಯವರು ಕಟ್ಟಿದ್ದು. ನಿಜ ಹೇಳ್ಬೇಕಂದ್ರೆ ಸೀರೀಸ್‌ನಲ್ಲಿ ನಂಗೆ ಇಷ್ಟ ಆಗಿದ್ದೇ ಅವ್ರು, ಡೇ ಪಾತ್ರ ಮಾಡಿರೋ ಲೀ ಪೇಸ್ ಬಂದ್ರೆ ಸ್ಕ್ರೀನ್ ತುಂಬ್ಕೊಳ್ಳುತ್ತೆ. ಗಾಲ್ ಡಾರ್ನಿಕ್, ಸಾಲ್ವರ್ ಹಾರ್ಡಿನ್ ಇಬ್ಬರೂ ಪುಸ್ತಕದಲ್ಲಿ ಗಂಡಸರು, ಗಾಲ್ ಅಂತೂ ಮೊದಲ ಭಾಗ ಮುಗಿದ್ರೆ ಮುಗೀತು. ಅಲ್ಲಿ ನೋಡಿದ ಫೈಟು, ಬಾಂಬು, ಬಾಹ್ಯಾಕಾಶದಿಂದ ಗೋಪುರ ಬೀಳೋದು ಯಾವುದನ್ನೂ ಇಲ್ಲಿ ಹುಡುಕ್ಬೇಡಿ. ದೊಡ್ಡ ಯುದ್ಧ ಆಗ್ತಿದ್ರೂ ಇಬ್ಬರು ರೂಮಲ್ಲಿ ಕೂತು ಅದರ ಬಗ್ಗೆ ಮಾತಾಡ್ತಿರ್ತಾರೆ. ಸೀರೀಸ್‌ನೇ ಪುಸ್ತಕ ರೂಪದಲ್ಲಿ ಓದ್ತೀನಿ ಅಂತ ಹೋದ್ರೆ ಬೇಜಾರಾಗುತ್ತೆ, ಅದಕ್ಕೇ ನಾನೂ ಗೀತಕ್ಕನ ಪಾರ್ಟಿ. ಕೇವ್ಸ್ ಆದ್ರೆ ಹೋಲಿಸೋಕೆ ಏನೂ ಇರಲ್ಲ, ಫ್ರೆಶ್ ಆಗಿ ಓದಬಹುದು.

ಇನ್ನೊಂದು ಐಡಿಯಾ, ಕೇಳೋ ಅಭ್ಯಾಸ ಇದ್ರೆ 1973ರಲ್ಲಿ ಬಿಬಿಸಿ ರೇಡಿಯೋದವರು ಹಳೇ ಮೂರು ಪುಸ್ತಕನ ಎಂಟು ಕಂತಿನ ನಾಟಕ ಮಾಡಿದಾರೆ. ಸೌಂಡ್ ಎಫೆಕ್ಟ್ ಎಲ್ಲಾ ಹಳೇ ಕಾಲದ್ದು, ಕುಯ್ಯಿ ಕುಯ್ಯಿ ಅನ್ನುತ್ತೆ, ಆದ್ರೂ ರಿಂಗ್ ರೋಡಲ್ಲಿ ಗಾಡಿ ಅಲ್ಲಾಡದೇ ನಿಂತಾಗ ಒಂದು ಕಂತು ಸಲೀಸಾಗಿ ಮುಗಿಯುತ್ತೆ, ಕೆಲವು ದಿನ ಎರಡು.

ಕಾಡುಗೋಡಿ_ಲೋಕಲ್:

ಅಬ್ಬಾ ಇಷ್ಟೊಂದು ಉತ್ತರ ಬರುತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಕ್ಲೋನ್ ರಾಜರು ಇಲ್ಲ ಅಂದಿದ್ದು ಶಾಕ್ ಆಯ್ತು, ನಾನು ನೋಡ್ತಿದ್ದಿದ್ದೇ ಅವ್ರಿಗೋಸ್ಕರ.

ಎರಡು ಡೌಟು. ಒಂದು, ಕೇವ್ಸ್ ಓದಿ ಆಮೇಲೆ ಫೌಂಡೇಶನ್‌ಗೆ ಬಂದ್ರೆ ಏನಾದ್ರೂ ಸಸ್ಪೆನ್ಸ್ ಹಾಳಾಗುತ್ತಾ? ಎರಡು, ಮೂರೂ ಫೌಂಡೇಶನ್ ಒಂದೇ ಬೈಂಡಿಂಗ್‌ನಲ್ಲಿ ಸಿಗುತ್ತಂತೆ, ಅದು ತಗೋಬಹುದಾ?

ಗಾಂಧಿಬಜಾರ್_ಗೀತಕ್ಕ:

ಹಳೇ ಮೂರು ಫೌಂಡೇಶನ್‌ದು ಏನೂ ಹಾಳಾಗಲ್ಲ, ಹನುಮ ಹೇಳಿದಂಗೆ ಅವಕ್ಕೆ ಇವು ಗೊತ್ತೇ ಇಲ್ಲ. ಕೇವ್ಸ್, ನೇಕೆಡ್ ಸನ್, ಆಮೇಲೆ ಫೌಂಡೇಶನ್ ಮೂರು, ಅಷ್ಟು ಆದ್ಮೇಲೆ ರೋಬೋಟ್ಸ್ ಆಫ್ ಡಾನ್‌ನಿಂದ ಎಂಬತ್ತರ ದಶಕದವು ಬರೆದ ಕ್ರಮದಲ್ಲಿ. 1982ರ ಫೌಂಡೇಶನ್ಸ್ ಎಡ್ಜ್ ಅದಕ್ಕಿಂತ ಮುಂಚೆ ಓದಿದ್ರೂ ನಡೆಯುತ್ತೆ. ಕೊನೆಗೆ ಪ್ರಿಲ್ಯೂಡ್. ಮಧ್ಯದಲ್ಲಿ ಸಾಕು ಅನ್ಸಿದ್ರೆ ನಿಲ್ಸಿ, ಯಾರೂ ಪರೀಕ್ಷೆ ಇಡಲ್ಲ. ನಾನು ಫೌಂಡೇಶನ್ ಅಂಡ್ ಅರ್ತ್ ಅರ್ಧಕ್ಕೆ ಬಿಟ್ಟೋಳು, ಒಂದೊಂದೇ ಗ್ರಹಕ್ಕೆ ಹೋಗಿ ವಾದ ಮಾಡ್ಕೊಂಡು ಬರೋದು ನೋಡಿ ನೋಡಿ ಸುಸ್ತಾಯ್ತು.

ಮೂರೂ ಒಟ್ಟಿಗೆ ಇರೋದು ಗಟ್ಟಿ ರಟ್ಟಿನದು ಸಿಗುತ್ತೆ, ಮನೇಲಿ ಇಟ್ಕೊಳ್ಳೋಕೆ ಚಂದ. ಒಂದು ಕೈಯಲ್ಲಿ ಕಂಬಿ ಹಿಡ್ಕೊಂಡು ಓದೋರಿಗೆ ಬೇಡ, ಕೈ ನೋವು ಬರುತ್ತೆ. ಬಿಡಿಬಿಡಿ ಪೇಪರ್‌ಬ್ಯಾಕ್ ತಗೊಳ್ಳಿ, ಹಳೇವು ಮೂರೂ ತೆಳ್ಳಗಿವೆ.

ಹಳೇಪುಸ್ತಕ_ಹನುಮ:

ಹೊಸದು ಯಾಕೆ ತಗೋತೀರಿ, ಶನಿವಾರ ಎಂಜಿ ರೋಡ್ ಸ್ಟೇಷನ್‌ನಲ್ಲಿ ಇಳಿದು ಚರ್ಚ್ ಸ್ಟ್ರೀಟ್ ಕಡೆ ಹೋಗಿ, ನಿಮ್ಮ ಲೈನೇ ಅಲ್ವಾ. ಬ್ಲಾಸಮ್, ಬುಕ್‌ವರ್ಮ್ ಎರಡೂ ಅಂಗಡೀಲಿ ಸೈನ್ಸ್ ಫಿಕ್ಷನ್‌ಗೆ ಬೇರೆ ಕಪಾಟು ಇದೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಅಸಿಮೋವ್ ಬರ್ತಾ ಇರುತ್ತೆ. ಅದೃಷ್ಟ ಇದ್ರೆ ಎಪ್ಪತ್ತರ ದಶಕದ ಪ್ಯಾಂಥರ್ ಅನ್ನೋ ಪ್ರಕಾಶಕರ ಪ್ರಿಂಟ್ ಸಿಗುತ್ತೆ, ಮುಖಪುಟದ ಮೇಲೆ ಪಟ್ಟೆಪಟ್ಟೆ ಬಣ್ಣದ ಬೃಹತ್ ಆಕಾಶನೌಕೆ, ಒಳಗಿನ ಕಥೆಗೂ ಅದಕ್ಕೂ ಏನೂ ಸಂಬಂಧ ಇಲ್ಲ, ಆದ್ರೆ ಆ ಚಿತ್ರ ನೋಡೇ ನಮ್ಮಲ್ಲಿ ಅರ್ಧ ಜನ ಈ ಚಟಕ್ಕೆ ಬಿದ್ದಿದ್ದು. ತಗೊಳ್ಳೋಕೆ ಮುಂಚೆ ಬೆನ್ನು ಹತ್ರ ಬಿಚ್ಚಿ ನೋಡಿ, ಅಂಟು ಒಣಗಿರುತ್ತೆ, ಮೆಟ್ರೋಲಿ ಹಾಳೆ ಉದುರಿದ್ರೆ ಎತ್ಕೊಳ್ಳೋಕೆ ಬಗ್ಗೋಕೂ ಜಾಗ ಇರಲ್ಲ.

ಒಂದು ಎಚ್ಚರ, ಫೌಂಡೇಶನ್ಸ್ ಫಿಯರ್, ಫೌಂಡೇಶನ್ ಅಂಡ್ ಕೇಯಾಸ್, ಫೌಂಡೇಶನ್ಸ್ ಟ್ರಯಂಫ್ ಅಂತ ಮೂರು ಕಾಣ್ಬಹುದು. ಅವು ಅಸಿಮೋವ್ ಬರೆದಿದ್ದಲ್ಲ, 1997ರಿಂದ 1999ರ ಮಧ್ಯೆ ಬೇರೆ ಮೂವರು ಬರೆದಿದ್ದು. ಮುಖಪುಟದಲ್ಲಿ ಫೌಂಡೇಶನ್ ಅಂತ ದಪ್ಪಗಿರೋದ್ರಿಂದ ಗೊತ್ತಾಗಲ್ಲ. ಕೆಟ್ಟದು ಅಂತಲ್ಲ, ಈಗಲೇ ಬೇಡ.

ಒಂಟಿರೋಬೋ:

ಆಫ್ ಟಾಪಿಕ್: ಇದೆಲ್ಲಾ ಕನ್ನಡದಲ್ಲಿ ಯಾರಾದ್ರೂ ಈ ಮಟ್ಟಕ್ಕೆ ಒಂದೇ ಯೂನಿವರ್ಸ್ ಕಟ್ಟಿ ಬರೆದಿದಾರಾ? ಭೂಸನೂರಮಠ ಅವರ ವೈಜ್ಞಾನಿಕ ಕಥೆಗಳು ಚಿಕ್ಕವನಿದ್ದಾಗ ಲೈಬ್ರರೀಲಿ ಓದಿದ ನೆನಪು, ಈಗ ಎಲ್ಲಿ ಸಿಗುತ್ತೆ?

ಮಾಡರೇಟರ್:

ಒಳ್ಳೇ ಪ್ರಶ್ನೆ, ಬೇರೆ ಥ್ರೆಡ್ ಶುರು ಮಾಡಿ ಪ್ಲೀಸ್, ಇಲ್ಲಿ ಕಳೆದುಹೋಗುತ್ತೆ.

ಕಾಡುಗೋಡಿ_ಲೋಕಲ್:

ಅಪ್ಡೇಟ್: ಚರ್ಚ್ ಸ್ಟ್ರೀಟ್‌ಗೆ ಹೋಗಿದ್ದೆ. ಮೊದಲನೇ ಫೌಂಡೇಶನ್ ಹಳೇದು ಇರ್ಲಿಲ್ಲ, ಸೆಕೆಂಡ್ ಫೌಂಡೇಶನ್ ಇತ್ತು, ಕೇವ್ಸ್ ಆಫ್ ಸ್ಟೀಲ್ ಇತ್ತು, ಪ್ರಿಲ್ಯೂಡ್ ಎರಡು ಕಾಪಿ ಇತ್ತು. ಕಾಪಿರೈಟ್ ಪುಟ ತೆಗೆದು ಇಸವಿ ನೋಡ್ತಾ ನಿಂತಿದ್ದಕ್ಕೆ ಪಕ್ಕದಲ್ಲಿದ್ದೋರು ಕಲೆಕ್ಟರ್ ಅಂದ್ಕೊಂಡು ಏನೇನೋ ಕೇಳಿದ್ರು. ಕೇವ್ಸ್ ತಗೊಂಡೆ. ಸೆಕೆಂಡ್ ಫೌಂಡೇಶನ್‌ನೂ ತಗೊಂಡೆ, ಮುಂದೆ ಬೇಕಾಗುತ್ತಲ್ಲ ಅಂತ, ಓದಲ್ಲ ಪ್ರಾಮಿಸ್. ಕೇವ್ಸ್ ಆಗಲೇ ನಾಲ್ಕನೇ ಚಾಪ್ಟರ್. ಇಂಗ್ಲಿಷ್ ನಿಜವಾಗ್ಲೂ ಸುಲಭ ಇದೆ. ಆ ಡ್ಯಾನೀಲ್ ಮನೆಗೆ ಬಂದು ಬೇಲಿ ಹೆಂಡತಿ ಎದುರು ಕೂರೋ ಸೀನ್ ಓದ್ತಾ ಇಂದಿರಾನಗರದಲ್ಲಿ ಯಾರೋ ಕಾಲು ತು‌ಳಿದಿದ್ದೂ ಗೊತ್ತಾಗ್ಲಿಲ್ಲ.

ಟ್ರಾಂಟರ್_ತಿಮ್ಮ:

ಎರಡು ಪ್ರಿಲ್ಯೂಡ್ ಇತ್ತಾ? ಯಾವ ಅಂಗಡಿ, ಎಷ್ಟು ಹೇಳಿದ್ರು? ನನ್ನದು ಒಬ್ಬ ಫ್ರೆಂಡ್ ತಗೊಂಡು ಹೋದೋನು ಇನ್ನೂ ವಾಪಸ್ ಕೊಟ್ಟಿಲ್ಲ.